ಒಂದೂವರೆ ತಿಪ್ಪವ್ವ

ರಾಜನಕೋಳೂರಿನ ಬಯಲಾಗ
ಮೂರು ಬಂಡೆ ನಿಲ್ಲಿಸಿ ಮ್ಯಾಲೊಂದು ಹೊಚ್ಚಿದ ಮನಿಗಳು.
ಮೋರೇರ ಮನಿ ಅಂತೇವು ನಾವು.
ಗೇಣುದ್ದದ ಜನ ಇದ್ದರಂತ ಅದರಾಗ,
ಬೆಂಕಿಮಳಿ ಬಂದು ಒಳಗೇ ಬೆಂದರಂತ.

ಅವನ್ನ ಬರಿಯಾಕ ಕಡಲು ದಾಟಿ ಬಂದಾಕಿ
ಐರ್ಲೆಂಡಿನ ಹೊನೋರಾ ಕೆವಾನಾ.
ಯಾದಗಿರಿ ತನಕ ರೈಲು, ಮುಂದ ಚಕ್ಕಡಿ.
ಬಣ್ಣದ ಪೆಟಿಗಿ, ಕರೀ ಛತ್ರಿ,
ಕಾಲಾಗ ಸತ್ತ ತಮ್ಮನ ಬೂಟು.
ಊರ ನಾಲಿಗೆಗೆ ಆ ಹೆಸರು ಹೊರಳಲಿಲ್ಲ,
ನೂರವ್ವ ಆದಳು.
ಸರೀನೇ ಆತು, ದಿನಾ ಕಲ್ಲೆಣಿಸಾಕಿ:
ಮುಂಜಾನೆ ನೂರಾ ನಾಕು, ಸಂಜಿಗೆ ನೂರಾ ಒಂದು.
ಲೆಕ್ಕ ತಪ್ಪಿದರ ನಗತಿದ್ದಳಂತ:
ನಮ್ಮ ಕಡೆಗೂ ಹಿಂಗ, ಕಲ್ಲು
ರಾತ್ರಿ ನೀರು ಕುಡಿಯಾಕ ಹೋಗತಾವ.

ಅವರ ದೇಶದ ಪಂಡಿತರ ಸಭಾದಾಗ
ಹೆಂಗಸಿಗೆ ಕುರ್ಚಿ ಇರಲಿಲ್ಲಂತ.
ಚಿತ್ರ ಒಳಗ ಹೋದವು,
ಬರದಾಕಿ ಹೊಸ್ತಿಲ ಹೊರಗ.

ನಮ್ಮ ಆಯಿಯ ಅವ್ವ ತಿಪ್ಪವ್ವಗ ಆಗ ಹನ್ನೊಂದು ವರ್ಷ.
ದಿನಕ್ಕ ಒಂದಾಣೆ, ಹಾಲಿ ಸಿಕ್ಕಾ;
ಪಟ್ಟಿಯ ಒಂದು ತುದಿ ಹಿಡಿದು ನಿಲ್ಲೂದು ಕೆಲಸ.
ಒಂದಿನ ಗೌಡರ ಹೋರಿಗರು ಆ ಪಟ್ಟಿ ಮೆಂದು ಬಿಟ್ಟಿತು,
ಹದಿನೇಳು ಅಡಿ, ಹಿತ್ತಾಳಿ ಬಿಲ್ಲಿ ಸಹಿತ.
ನೂರವ್ವ ಸುಮ್ಮನ ಕುಂತಳು ಒಂದು ಘಳಿಗಿ.
ಆಮೇಲೆ ಹುಡುಗೀನ ಕಲ್ಲಿನ ಮಗ್ಗುಲಕ ನಿಲ್ಲಿಸಿ
ನೋಡಿದಳು, ಕಣ್ಣು ಕಿರಿದು ಮಾಡಿ.

ಚಳಿಜ್ವರ ಹತ್ತಿ ಆಕಿ ಹೋದಳು.
ಪುಸ್ತಕ ಆತೋ ಇಲ್ಲೋ, ಯಾರಿಗೆ ಗೊತ್ತು.
ಎರಡು ಮಳಿಗಾಲ ದಾಟಿ ಒಂದು ಲಕೋಟೆ ಬಂತು;
ಇಲಿ ಉಳಿಸಿದ್ದು ಒಂದು ಹಾಳಿ.

ಕಲ್ಲಿನ ನೆರಳಿಗೆ ನೀಲಿ. ಅದರ ಅಂಚಿಗೆ
ಬೆನ್ನು ತಿರುವಿ ನಿಂತ ಹುಡುಗಿ,
ಮಾರಿ ಇಲ್ಲ. ಆದರ ಸೀರೆಯ ತುದಿಗೆ ಹಚ್ಚಿದ ತ್ಯಾಪಿ,
ಅದರ ಹೊಲಿಗಿ ಒಂದೊಂದೂ ಎಣಿಸಿ ಬರದಾಳ.
ಕೆಳಗಿನ ಇಂಗ್ಲಿಷು ಓದಾಕ
ನಮ್ಮನಿಗೆ ಮೂರು ತಲಿ ಬೇಕಾತು.
ಓದಿದಾಕಿ ನಾನು, ಎಂಟನೇ ಕ್ಲಾಸಿನಾಗ:
ಎತ್ತರ, ಒಂದೂವರೆ ತಿಪ್ಪವ್ವ.

ಮೊನ್ನೆ ಇಲಾಖೆಯವರು ಬಂದಿದ್ದರು,
ಕೆಂಪು ಚುಕ್ಕಿ ಬಿಡುವ ಯಂತ್ರ ತಂದು.
ಎರಡು ಮೀಟರು, ನಾಕು ಸೆಂಟಿಮೀಟರು ಅಂದರು.
ನಾ ಏನೂ ಅನ್ನಲಿಲ್ಲ.
ಜೀಪು ಹೋದ ಮ್ಯಾಲ ಕಲ್ಲಿಗೆ ಬೆನ್ನು ಹಚ್ಚಿ ನಿಂತೆ,
ತಲಿ ಮ್ಯಾಲ ಕೈ ಇಟ್ಟು ಗುರುತು ಮಾಡಿದೆ:
ನಾನು ಒಂದು ತಿಪ್ಪವ್ವ, ಮ್ಯಾಲೊಂದು ಗೇಣು.
ಉಳಿದ ಜಾಗಾದಾಗ
ಹಲ್ಲಿಯೊಂದು ಬಿಸಿಲು ಕಾಸತಿತ್ತು.