ದಸ್ತಿ

ಮುಂಜಾನಿ ಆರಕ್ಕ ಗ್ರಂಥಾಲಯದ ಗೇಟಿನ ಮುಂದ
ಚಪ್ಪಲಿ ಪಾಳಿ ನಿಂತಿರ್ತಾವ, ಮಂದಿ ಅಲ್ಲ.
ಮಂದಿ ಬರಿಗಾಲಿಲೆ ಚಹಾದಂಗಡ್ಯಾಗ.
ಗೇಟು ತೆರೀತಲೇ ಓಡಿ ಹೋಗಿ
ಫ್ಯಾನಿನ ಕೆಳಗಿನ ಕುರ್ಚಿಗಿ ದಸ್ತಿ ಒಗೀಬೇಕು.
ಇಷ್ಟೇ ಕಾಯದಾ. ಯಾರೂ ಬರೆದದ್ದಲ್ಲ,
ಯಾರೂ ಮುರಿದದ್ದೂ ಇಲ್ಲ.

ನನ್ನ ದಸ್ತಿ ನೀಲಿ. ಅಂಚಿನ ದಾರ ಬಿಟ್ಟಾದ.
ಏಳು ವರ್ಷ ಅದು ನನಗಿಂತ ಮೊದಲು ಕುಂತದ,
ನನಗಿಂತ ಮೊದಲು ಎದ್ದಿಲ್ಲ.

ಒಗಿಯೂದು ಕಲಿಸಿದಾಕಿ ಅವ್ವ,
ಸಂತಿ ದಿನ, ಜೇವರ್ಗಿ ಬಸ್ಸಿನ ಕಿಟಕ್ಯಾಗ:
"ಮೊದಲ ಒಗಿ, ಜಗಳ ಆಮ್ಯಾಲ ಮಾಡೋಣು."

ಒಗೆದೆ. ಎಫ್‌ಡಿಎ, ಪಿಡಿಒ, ಪಿಎಸ್‌ಐ.
ಎರಡಂಕಕ್ಕ ಹೋದದ್ದು ಒಂದು,
ಪ್ರಶ್ನೆಪತ್ರಿಕೆ ಸೋರಿ ರದ್ದಾದದ್ದು ಒಂದು,
ಕೋರ್ಟಿನ್ಯಾಗ ಇನ್ನೂ ಮಲಗಿದ್ದು ಒಂದು.
ಬಾಜೂಕ ಕುಂದರ್ತಿದ್ದ ನುಸ್ರತ್
ಹೋದ ಬ್ಯಾಸಗ್ಯಾಗ ತನ್ನ ದಸ್ತಿ ಮಡಚಿ
"ಜಗದೇವಿ, ಬಹಮನಿ ಸುಲ್ತಾನರ್ನ ಇನ್ನ ನೀನೇ ನೋಡ್ಕೋ"
ಅಂತ ನಕ್ಕು ಎದ್ದು ಹೋದ್ಳು.
ಈಗ ರಿಂಗ್ ರೋಡಿನ್ಯಾಗ ಹೆಣ್ಮಕ್ಕಳಿಗಿ ಕಾರು ಕಲಿಸ್ತಾಳ.
"ಎಲ್ಲಾರೂ ಬ್ರೇಕಿನ ಮ್ಯಾಲ ಕಾಲಿಟ್ಟೇ
ಗಾಡಿ ಯಾಕ ಹೋಗವಲ್ದು ಅಂತಾರ" ಅಂದ್ಳು ಮೊನ್ನೆ.
ನನಗ ಅಂದದ್ದಲ್ಲ. ಆದ್ರೂ.

ಈಗ ಹೇಳಬೇಕಾದ್ದು ಹೇಳ್ತೀನಿ.
ಪರೀಕ್ಷಾ ರದ್ದಾದ ಎರಡು ತಿಂಗಳು
ಗಂಜಿನ ತೊಗರಿ ಮಿಲ್ಲಿಗಿ ಹೋಗಿದ್ದೆ
ಲೆಕ್ಕ ಬರೀಲಾಕ. ಸುಮ್ನ, ಖರ್ಚಿಗಂತ.
ಚೀಲಕ್ಕ ಸಲಾಕಿ ಚುಚ್ಚಿ, ಬೊಗಸಿಗಿ ಎಳಕೊಂಡು,
ಒಂದು ಕಾಳು ಹಲ್ಲಾಗ ಕಡಿದು
ಮುನೀಮ ಚನ್ನವೀರಪ್ಪ ತೇವ ಹೇಳ್ತಿದ್ದ:
"ಹನ್ನೊಂದು." ಯಂತ್ರನೂ ಹನ್ನೊಂದೇ ಅಂತಿತ್ತು.
ಮೂರನೇ ವಾರ ನಾನೂ ಕಡಿದೆ.
"ಹನ್ನೆರಡೂವರಿ" ಅಂದೆ.
ಯಂತ್ರ ಒಂಚೂರು ವಿಚಾರ ಮಾಡಿ
ಹನ್ನೆರಡೂವರಿ ಅಂತು.

ಏಳು ವರ್ಷದಾಗ ಮೊದಲ ಸಲ
ನನ್ನ ಉತ್ತರ ಸರಿ ಅಂತ
ಅದೇ ಗಳಿಗ್ಯಾಗ ಗೊತ್ತಾತು,
ಕೀ ಆನ್ಸರ್ ಕಾಯದೇ, ಆಕ್ಷೇಪಣೆಗಿ ದಿನ ಕೊಡದೇ.
ಬಾಯಾಗ ಹಸಿ ತೊಗರಿ ರುಚಿ.
ರಾತ್ರಿ ಹಲ್ಲು ತಿಕ್ಕಲಿಲ್ಲ.

ಇದನ್ನ ಅವ್ವಗ ಹೇಳಿಲ್ಲ.
ಓಣಿ ತುಂಬ ಆಕಿ ನನ್ನ ಸಾಹೇಬ್ರು ಮಾಡಿ ಇಟ್ಟಾಳ.
ಖಾನಾವಳಿಗಿ ರೊಟ್ಟಿ ಬಡಿದ ರೊಕ್ಕದಾಗ
ನನ್ನ ಅರ್ಜಿ ಶುಲ್ಕ ಕಟ್ಯಾಳ.
"ಇನ್ನೊಂದ್ಸಲ ಬರಿ" ಅಂತಾಳ, ಕೈ ನಿಲ್ಲಸದೇ.
ಆ ಬಡಿಯೋ ಸಪ್ಪಳದ ನಡುವ
"ಬ್ಯಾಡ" ಅನ್ನೋ ಮಾತು ಎಲ್ಲಿ ಇಡ್ಲಿ?

ಸೇಠರು ಹೇಳಿ ಕಳಿಸ್ಯಾರ:
ಹದಿನಾಲ್ಕು ಸಾವಿರ, ಸೋಮವಾರದಿಂದ.
ಅರ್ಜಿಗೂ ಅದೇ ಸೋಮವಾರ ಕಡೀ ದಿನ.
ಸೋತು ಹೊಂಟೀನೋ, ಮನಸಾಗಿ ಹೊಂಟೀನೋ,
ಈ ಪ್ರಶ್ನೆಕ್ಕ ಯಾರೂ ನಾಕು ಆಯ್ಕೆ ಕೊಟ್ಟಿಲ್ಲ.
ಯಂತ್ರ ಒಂದೇ ಸಾಕು ಅಂತ ನಾಳೆ ಅಂದ್ರ?
ಹಲ್ಲೇ ಬಿದ್ರ?
ಮೂವತ್ತೊಂದಕ್ಕ ಬರೂ ವಿಚಾರ ಏನಿವು!

ಇವತ್ತು ತಡಾಗಿ ಬಂದೆ.
ನನ್ನ ಕುರ್ಚಿ ಮ್ಯಾಲ ಹಳದಿ ದಸ್ತಿ,
ಅಂಗಡಿ ಮಡಿಕಿ ಇನ್ನೂ ಬಿಟ್ಟಿಲ್ಲ.
ಚಿಂಚೋಳಿ ಕಡಿ ಹುಡುಗಿ, ಹತ್ತೊಂಬತ್ತಿರಬೇಕು,
ಗಡಬಡಿಸಿ ಎದ್ದು "ಅಕ್ಕಾರ, ನಿಮ್ಮ ಜಾಗಾ ಏನ್ರಿ?" ಅಂದ್ಳು.

ಕುಂದ್ರು, ಅಂದೆ.
ಫ್ಯಾನು ಎರಡರ ಮ್ಯಾಲ ಇಡು,
ಮೂರಕ್ಕ ಹಾಳಿ ಹಾರ್ತಾವ.
ಏಳು ವರ್ಷ ಓದಿದ್ದರೊಳಗ
ಆಕಿಗಿ ಕೊಡಲಾಕ ಅಷ್ಟೇ ಸಿಕ್ತು.

ಹೊರಗ ಎಂಟಕ್ಕೇ ಕಲಬುರಗಿ ಬಿಸಿಲು
ಮೈಮ್ಯಾಲ ಬಂದು ನಿಂತಿತ್ತು.
ನೀಲಿ ದಸ್ತಿಲೆ ಮುಖ ಒರಸಿಕೊಂಡೆ.
ದಸ್ತಿ ಇರೂದು ಅದಕ್ಕಂತ
ಮರ್ತೇ ಹೋಗಿತ್ತು.

ಗಂಜಿಗಿ ಹೋಗೋ ಆಟೋ ಒಂದು
ನಿಲ್ಲಸಿ ಕೇಳ್ದ, ಬರ್ತೀರೇನ್ರಿ ಅಂತ.
ತಡೀರಿ, ಅಂದೆ.
ಇವತ್ತಿನ್ನೂ ಶುಕ್ರವಾರ.