ಮೂರನೇ ಪೀರಿಯಡ್ಡಿನ ಹಾಜರಿ

ಹನ್ನೊಂದೂ ಇಪ್ಪತ್ತಕ್ಕೆ ಕೆಂಪರಾಜು ಗಂಟೆ ಹೊಡೆದ.
ಒಂಬತ್ತನೇ ಕ್ಲಾಸಿನ ಬಾಗಿಲಲ್ಲಿ ನಾನು,
ಕಂಕುಳಲ್ಲಿ ಹಾಜರಿ ಪುಸ್ತಕ, ಕೈಯಲ್ಲಿ ಡಸ್ಟರು.
ಒಳಗೆ ಮೂವತ್ತೊಂದು ಬ್ಯಾಗು,
ಒಬ್ಬ ಹುಡುಗ.

ಉಳಿದವರು ಧ್ವಜದ ಕಟ್ಟೆಯ ಸುತ್ತ
ಚಪ್ಪಲಿ ಸಾಲಾಗಿ ಬಿಟ್ಟು ಕೂತಿದ್ದರು,
ಮದುವೆಯ ಊಟಕ್ಕೆ ಕೂತ ಹಾಗೆ.
ರಟ್ಟಿನ ಮೇಲೆ ಸ್ಕೆಚ್ ಪೆನ್ನಿನ ಅಕ್ಷರ:
‘ಒಂಬತ್ತೂ ಹತ್ತರ ಬಸ್ಸು ಗೇಟಿನಲ್ಲಿ ನಿಲ್ಲಲಿ’.
ಕೊನೆಯ ‘ಲಿ’ಗೆ ಜಾಗ ಸಾಲದೆ ಕೆಳಗಿಳಿದಿತ್ತು.

ಹುಣಸೆಮರದ ಗೇಟಿನಿಂದ ಬರುವ ಹುಡುಗಿಯರು ಹನ್ನೊಂದು.
ಮಿಕ್ಕವರು ಅವರ ಗೆಳತಿಯರು, ಗೆಳತಿಯರ ತಮ್ಮಂದಿರು.
ಮೂವರಂತೂ ಗಣಿತ ತಪ್ಪಲೆಂದೇ ಕೂತವರು,
ಅದು ನನಗೂ ಗೊತ್ತು, ಅವರಿಗೂ ಗೊತ್ತು.

‘ಕೇಳ್ಲಿ ಮೇಡಂ, ಬೇಡ ಅನ್ನೋರ್ಯಾರು?
ಪಾಠದ ಹೊತ್ತಲ್ಲೇನು? ನಾಲ್ಕೂವರೆ ಮೇಲೆ ಕೇಳ್ಲಿ.
ಎಲ್ಲಾರ್ಗೂ ಆಬ್ಸೆಂಟ್ ಹಾಕಿ,’ ಅಂದರು
ಹೆಡ್‌ಮಾಸ್ಟರ್ ನಿಂಗರಾಜಯ್ಯ.
ಕೆಟ್ಟವರಲ್ಲ. ಹೋದ ವಾರ ಡಿಪೋಗೆ
ತಾವೇ ಎರಡು ಸಲ ಫೋನು ಮಾಡಿದ್ದರು.
ಆದರೆ ನಾಲ್ಕೂವರೆ ಮೇಲೆ ಐದು ನಿಮಿಷಕ್ಕೆ ವಾಪಸ್ ಬಸ್ಸು,
ಅದು ತಪ್ಪಿದರೆ ಕಬ್ಬಿನ ಗದ್ದೆಗಳ ನಡುವೆ ನಡಿಗೆ,
ಆಳೆತ್ತರದ ಸೋಗೆ, ಆಚೀಚೆ ಯಾರಿದ್ದರೂ ಕಾಣದು.

ಹೋದ ವರ್ಷ ನದಿಗಾಗಿ ಹೆದ್ದಾರಿಗೆ
ಇದೇ ಮಕ್ಕಳನ್ನು ಇಬ್ಬಿಬ್ಬರಾಗಿ ನಡೆಸಿಕೊಂಡು ಹೋದವಳು ನಾನು.
ಅದೂ ಪಾಠದ ಹೊತ್ತೇ, ಬಿಸಿಲೂ ಹೀಗೇ.
ತಲೆಗೊಂದು ಬನ್ನು, ಒಂದು ಮಜ್ಜಿಗೆ ಪ್ಯಾಕೆಟ್ಟು.
‘ಟಿಎಂಸಿ ಅಂದ್ರೆ ಎಷ್ಟು ಮಿಸ್?’ ಅಂದಳು ಸಿಮ್ರಾನ್ ತಾಜ್.
‘ಈಗ ಕೂಗು, ಆಮೇಲೆ ಹೇಳ್ತೀನಿ,’ ಅಂದೆ.
ಹೇಳಲಿಲ್ಲ.
ಅವತ್ತು ಎಲ್ಲರಿಗೂ ಹಾಜರಿ ಹಾಕಿದ್ದೆ,
ಮನೆಯಲ್ಲಿ ಜ್ವರ ಬಂದು ಮಲಗಿದ್ದವನಿಗೂ.

‘ಮಿಸ್,’ ಅಂದ ಒಳಗೆ ಉಳಿದ ಹುಡುಗ, ಪ್ರೀತಮ್.
‘ನಂಗೆ ಲೆಕ್ಕ ಬರಕಿಲ್ಲ. ಟ್ಯೂಷನ್‌ಗೂ ಹೋಗಕಿಲ್ಲ.
ನೀವು ಪಾಠ ಮಾಡಿ.’
ಇವನಿಗೆ ಏನು ಹೇಳಲಿ?
ಬಸ್ಸು ಕೇಳುವುದು ಎಷ್ಟು ನ್ಯಾಯವೋ
ಇವನು ನಲವತ್ತು ನಿಮಿಷ ಕೇಳುವುದೂ ಅಷ್ಟೇ.
ಸೀಮೆಸುಣ್ಣ ತೆಗೆದುಕೊಂಡೆ.

ಎಕ್ಸ್ ವರ್ಗ, ಮೈನಸ್ ಐದು ಎಕ್ಸ್, ಪ್ಲಸ್ ಆರು.
ಕಿವಿ ಹೊರಗೆ, ಕೈ ಬೋರ್ಡಿನ ಮೇಲೆ.
ಒಂದು ಕಂಸ ಬರೆದೆ, ಇನ್ನೊಂದು ಬರೆದೆ,
ಎಕ್ಸ್ ಪ್ಲಸ್ ಎರಡು, ಎಕ್ಸ್ ಮೈನಸ್ ಮೂರು.
ಪ್ರೀತಮ್ ಹಾಗೇ ಇಳಿಸಿಕೊಳ್ಳುತ್ತಿದ್ದ.

‘ಎರಡೂ ಮೈನಸ್ಸು ಮಿಸ್!’
ಕಿಟಕಿಯ ಸರಳಿನಾಚೆ ತನುಶ್ರೀ,
ಕೈಯಲ್ಲಿ ರಟ್ಟು, ಹಣೆಯ ಮೇಲೆ ಬೆವರು.
ಅವಳ ಹಿಂದೆ ಇನ್ನೂ ನಾಲ್ಕು ತಲೆ,
ಬಾಯಲ್ಲೇ ಲೆಕ್ಕ ಮಾಡುತ್ತಿದ್ದ ತುಟಿಗಳು.
‘ಧರಣಿ ಮಾಡೋಳು ಇಲ್ಲೇನ್ ಮಾಡ್ತಿದೀಯೇ?’ ಅಂದೆ.
‘ಅಲ್ಲಿ ನೆರಳು ಹೋಯ್ತು, ಅದ್ಕೆ,’ ಅಂದಳು.
ಸುಳ್ಳು. ಕಟ್ಟೆಯ ಹೊಂಗೆಗೆ ಮಧ್ಯಾಹ್ನದವರೆಗೂ ನೆರಳಿದೆ.

ಹನ್ನೆರಡಕ್ಕೆ ಗಂಟೆ ಬಾರಿಸಿತು.
ಲಂಗದ ಧೂಳು ಕೊಡವಿ, ಚಪ್ಪಲಿ ಹುಡುಕಿ,
ಯಾರೂ ಕರೆಯದೆ ಎಲ್ಲರೂ ಒಳಗೆ ಬಂದರು.
‘ಇಷ್ಟೇನಾ?’ ಅಂದೆ, ತಡೆಯಲಾಗದೆ.
‘ದಿನಾ ಮೊದಲ್ನೇ ಪೀರಿಯಡ್ಡು ರಸ್ತೇಲೇ ಹೋಯ್ತದೆ ಮಿಸ್,
ಜೂನಿಂದ ಯಾರೂ ಕೇಳ್ನಿಲ್ಲ.
ಇವತ್ತೊಂದು ನಾವೇ ತಕ್ಕಂಡೊ.
ನಾಳೆ ನಿಲ್ಲಿಸ್ನಿಲ್ಲ ಅಂದ್ರೆ ನಾಳೆ ಇನ್ನೊಂದು.’

ಸ್ಟಾಫ್ ರೂಮಿನಲ್ಲಿ ಪುಸ್ತಕ ಬಿಚ್ಚಿ ಕೂತೆ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಶಾಲೆಯೊಳಗೇ ಇದ್ದರು, ಕ್ಲಾಸಿನಲ್ಲಿ ಇರಲಿಲ್ಲ.
ಕ್ಲಾಸಿನಲ್ಲಿದ್ದ ನಾನು ತಪ್ಪಿದ್ದನ್ನು
ಹೊರಗಿದ್ದವಳು ತಿದ್ದಿದಳು.
ಇದಕ್ಕೆ ಇಲಾಖೆ ಯಾವ ಅಕ್ಷರ ಕೊಟ್ಟಿದೆ?

ಮೂವತ್ತು ಹೆಸರಿನ ಮುಂದೆ
ಪೆನ್ಸಿಲಿನಲ್ಲಿ ಮೂವತ್ತು ಚುಕ್ಕಿ ಇಟ್ಟೆ.
ನಿಂಗರಾಜಯ್ಯನವರು ಕನ್ನಡಕ ಏರಿಸಿ ನೋಡಿದರು,
ಏನೂ ಅನ್ನಲಿಲ್ಲ,
ರಬ್ಬರನ್ನೂ ಕೇಳಲಿಲ್ಲ.
ಮತ್ತೆ ಡಿಪೋದ ನಂಬರು ಒತ್ತತೊಡಗಿದರು.