ಮೂವತ್ತೊಂದನೆಯ ಪ್ರಶ್ನೆ

ದೋಣಿಯಲ್ಲಿ ಬಂದವು ಒಂಬತ್ತು ಕಂಪ್ಯೂಟರು,
ಉಪ್ಪುಗಾಳಿ ತಾಗದಂತೆ ಕಂಬಳಿ ಸುತ್ತಿ.
ಹತ್ತನೆಯದಾಗಿ ನಾನು,
ದಾರಿಯುದ್ದ ವಾಂತಿ ಮಾಡಿ ಸುಸ್ತಾದ ಟೀಚರು.

ನ್ಯೂಫೌಂಡ್‌ಲ್ಯಾಂಡಿನ ಬಡಗಣ ಕರಾವಳಿ, ತೊಂಬತ್ತನಾಲ್ಕರ ಅಕ್ಟೋಬರು.
ಕಾಡ್ ಮೀನು ಹಿಡಿಯಕೂಡದೆಂದು ಸರ್ಕಾರ
ಕಡಲಿಗೆ ಬೀಗ ಹಾಕಿ ಎರಡು ವರ್ಷ.
ಭತ್ಯೆ ಬೇಕಿದ್ದವರು ತರಗತಿಗೆ ಬರಬೇಕು.
ಬಂದರು.
ಚರ್ಚಿನ ನೆಲಮಾಳಿಗೆ, ಬಿಂಗೊ ಆಡುವ ಮೇಜುಗಳ ಮೇಲೆ
ಒಂಬತ್ತು ಪರದೆ, ಹದಿನೇಳು ಜನ,
ಒದ್ದೆ ಉಣ್ಣೆಯ ವಾಸನೆ.

ಮೊದಲ ದಿನ ಇಲಿಯ ಪಾಠ.
ನಗಬೇಡಿ ಎಂದೆ. ನಕ್ಕರು.
ಅಜರಾಯ ಪಿನ್, ಅರವತ್ತೊಂದು,
ಚುಕ್ಕಾಣಿಯಂತೆ ಅದನ್ನು ಬಿಗಿಯಾಗಿ ಹಿಡಿದ;
ಬಾಣ ಪರದೆಯ ಅಂಚಿಗೆ ಹೋಗಿ ಕಾಣೆಯಾಯಿತು.
"ಮಂಜು ಕವಿದಿದೆ" ಎಂದ. ಕಾದು ಕೂತ.
ಎರಡು ಸಲ ಒತ್ತಿ, ಬೇಗ, ಎಂದರೆ
ಒಂದು ಸಲ ಒತ್ತಿ, ಯೋಚಿಸಿ, ಇನ್ನೊಂದು ಸಲ ಒತ್ತುವನು,
ಗಾಳ ಕಚ್ಚಿತೋ ಇಲ್ಲವೋ ನೋಡುವವನಂತೆ.

ಡಲ್ಸಿ ಟಿಲ್ಲಿಯ ಕತೆ ಬೇರೆ.
ಕಾರ್ಖಾನೆಯಲ್ಲಿ ಗಂಟೆಗೆ ನೂರೈವತ್ತು ಮೀನು ಸೀಳಿದವಳು,
ಎಡಗೈ ತೋರುಬೆರಳ ತುದಿಯನ್ನು ಅಲ್ಲೇ ಬಿಟ್ಟು ಬಂದವಳು.
ಆ ಬೆರಳ ಪಾಲಿನ ಅಕ್ಷರಗಳನ್ನು
ಪಕ್ಕದ ಬೆರಳಿಗೆ ದತ್ತು ಕೊಟ್ಟು
ಮೂರನೇ ವಾರಕ್ಕೆ ನನ್ನನ್ನೇ ಹಿಂದೆ ಹಾಕಿದಳು.
"ಕೈ ತಯಾರಿದೆ. ಏನು ಹೊಡೆಯಲಿ, ಹೇಳು."
ಪುಸ್ತಕದಲ್ಲಿದ್ದದ್ದು ಒಂದೇ ಕಾಗದ:
ಮಾನ್ಯರೇ, ತಮ್ಮ ಕಚೇರಿಯಲ್ಲಿ ಖಾಲಿ ಇರುವ ಹುದ್ದೆಗೆ...
ಹನ್ನೊಂದು ಸಲ ಹೊಡೆದಳು, ಒಂದೂ ತಪ್ಪಿಲ್ಲದೆ.
ಹನ್ನೆರಡನೆಯ ಸಲ ಕೇಳಿದಳು: ಯಾವ ಕಚೇರಿ?
ಊರಲ್ಲಿದ್ದ ಕಚೇರಿ ಒಂದೇ, ಅಂಚೆಯದು.
ಅದನ್ನು ನಡೆಸುವವಳು ಡಲ್ಸಿಯ ಪಕ್ಕದಲ್ಲೇ ಕೂತಿದ್ದಳು,
ಅದೇ ಕಾಗದ ಹೊಡೆಯುತ್ತ.

ಉಳಿಸುವುದನ್ನು ಕಲಿಸಲು ನಾಲ್ಕು ದಿನ ಬೇಕಾಯಿತು.
ಹತ್ತು ನಿಮಿಷಕ್ಕೊಮ್ಮೆ ಉಳಿಸಿ, ಎಂದೆ,
ಕರೆಂಟು ಹೋದರೆ ಎಲ್ಲ ಹೋಗುತ್ತದೆ.
"ಹೋಗುವ ಮೊದಲೇ ಉಳಿಸಬೇಕು ಅನ್ನುತ್ತೀಯ" ಎಂದ ಅಜರಾಯ,
ಯಾರ ಕಡೆಗೂ ನೋಡದೆ.
ನನಗಾಗ ಇಪ್ಪತ್ತಮೂರು. ಹೌದು, ಅಷ್ಟೇ, ಎಂದು
ಮುಂದಿನ ಪುಟ ತಿರುವಿದೆ.

ಪರೀಕ್ಷೆ. ನಲವತ್ತು ಪ್ರಶ್ನೆ, ತೊಂಬತ್ತು ನಿಮಿಷ,
ನನ್ನ ಕೈಯಲ್ಲಿ ಹೌದು-ಇಲ್ಲಗಳ ಪಟ್ಟಿ.
ಯಂತ್ರ ಚಾಲೂ ಮಾಡಬಲ್ಲರೇ. ಹೌದು.
ಫೈಲಿಗೆ ಹೆಸರಿಡಬಲ್ಲರೇ. ಹೌದು.
(ಹೆಂಡತಿಯ ಹೆಸರೋ ದೋಣಿಯದೋ ಎಂದರೆ, ಎರಡೂ ಒಂದೇ, ಎಂದ.)
ಮೂವತ್ತೊಂದು: ಎರಡು ಸಾಲು ಅಂಕಿ ತುಂಬಿ ನಕ್ಷೆ ಎಳೆಯಬಲ್ಲರೇ.
ಮಾದರಿಗೆಂದು ಕೊಟ್ಟದ್ದು
ಯಾವುದೋ ಪೇಟೆಯ ಅಂಗಡಿಯಲ್ಲಿ ಕೊಡೆಗಳ ಮಾರಾಟ.
ಅಜರಾಯ ಅದನ್ನು ಬದಿಗೆ ಸರಿಸಿದ.
ಒಳಜೇಬಿನಿಂದ ಮೀನೆಣ್ಣೆ ಕುಡಿದ ಪುಸ್ತಕ ತೆಗೆದು
ಒಂದೇ ಬೆರಳಲ್ಲಿ,
ಅರವತ್ತೆಂಟರಿಂದ ಹಿಡಿದು, ವರ್ಷ, ತೂಕ, ವರ್ಷ, ತೂಕ.
ನಾನು ತಡೆಯಬೇಕಿತ್ತು. ಗಡಿಯಾರ ನೋಡಿದೆ.

ಎರಡು ಸಲ ಒತ್ತಿದ, ಈಗ ಬೇಗ.
ಗೆರೆ ಬಂತು.
ಎಡಗಡೆ ಒಂದಷ್ಟು ದೂರ ಏರಿಳಿತ, ಮಾಮೂಲಿ ಅಲೆ;
ಎಂಬತ್ತಾರರ ಹತ್ತಿರ ಬಾಗಿ
ಆಮೇಲೆ ಲಂಗರು ಬಿಟ್ಟ ಹಾಗೆ ಸೀದಾ ಕೆಳಗೆ.
ಕುರ್ಚಿಗಳು ಕಿರ್ರೆಂದವು. ಪರೀಕ್ಷೆ ಬಿಟ್ಟು ಎಲ್ಲರೂ ಅವನ ಬೆನ್ನ ಹಿಂದೆ.
ಯಾರೋ ಗೆರೆಯ ತುದಿಗಿಂತ ತುಸು ಮೇಲೆ ಬೆರಳಿಟ್ಟು
ಇಲ್ಲಿ ನನ್ನ ಮದುವೆ, ಎಂದರು.

"ಸರಿಯಾಗಿದೆ" ಎಂದ ಅಜರಾಯ, ಯಂತ್ರಕ್ಕೆ ಅಂಕ ಕೊಡುವವನಂತೆ.
"ಎಂಬತ್ತಾರರಲ್ಲೇ ಬರೆದಿದ್ದೆವು, ಮೀನು ಸಣ್ಣದಾಗುತ್ತಿದೆ ಎಂದು.
ಕೈಬರಹ. ಎರಡು ಪುಟ.
ಉತ್ತರ ಬಂತು, ಅಚ್ಚಾದದ್ದು,
ಅಂಚಿಗೆಲ್ಲ ತೂತಿದ್ದ ಕಾಗದ.
ಅವರ ಹತ್ತಿರ ಇಂಥವು ಆಗಲೇ ಇದ್ದವು, ಮಗಳೇ."

ನಕ್ಷೆ ಎಳೆಯಬಲ್ಲರೇ.
ಹೌದು.
ಕೊಟ್ಟ ಸೂಚನೆ ಪಾಲಿಸಿದರೇ.
ಆ ಚೌಕದ ಮೇಲೆ ನನ್ನ ಪೆನ್ನು ತುಸು ಹೊತ್ತು ನಿಂತಿತು.

ಮೂವತ್ತೆಂಟು, ಮುದ್ರಣ. ಪ್ರಿಂಟರು ಹಲ್ಲು ಕಡಿದು ಕಾಗದ ಉಗುಳಿತು.
ಅಜರಾಯ ಅಂಚಿನ ತೂತುಪಟ್ಟಿಗಳನ್ನು ನೀಟಾಗಿ ಹರಿದ,
ನಕ್ಷೆಯನ್ನು ನನ್ನ ಮೇಜಿನ ಮೇಲಿಟ್ಟ,
ಪಟ್ಟಿಗಳನ್ನು ಸುರುಳಿ ಸುತ್ತಿ ಜೇಬಿಗೆ ಹಾಕಿಕೊಂಡ.
ಬಟಾಣಿ ಬಳ್ಳಿ ಕಟ್ಟಲು ಬರುತ್ತವಂತೆ, ಜೂನಿನಲ್ಲಿ.